ಮುಂದಿನ ಭಾಗ ಎಲ್ಲಿ? ಓದುವ ಹುಚ್ಚಿರುವ ಮಗುವಿಗೆ ಪುಸ್ತಕ ಸರಣಿ ಹುಡುಕುವ ಬಗೆ

ಅವತ್ತು ರಾತ್ರಿ ಹತ್ತು ಗಂಟೆ. ಒಂಬತ್ತು ವರ್ಷದ ನನ್ನ ಮಗಳು ಪುಸ್ತಕ ಮುಚ್ಚಿ, ಅಡುಗೆಮನೆಗೆ ಬಂದು ನಿಂತಳು. "ಅಮ್ಮ, ಇದರ ಮುಂದಿನದು ಎಲ್ಲಿ?" ಮುಂದಿನದು ಮನೆಯಲ್ಲಿ ಇರಲಿಲ್ಲ. ಅದಕ್ಕೆ ಮುಂದಿನದು ಅಂತ ಒಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮರುದಿನ ಆನ್‌ಲೈನಿನಲ್ಲಿ ಹುಡುಕಿ, ಸಿಕ್ಕಿದ್ದೇ ಸರಿ ಅಂತ ಇಡೀ ಡಬ್ಬಿ ತರಿಸಿದೆ. ಎರಡು ಭಾಗ ಓದಿದಳು, ಮೂರನೆಯದನ್ನು ಅರ್ಧಕ್ಕೇ ಬಿಟ್ಟಳು. ಉಳಿದವು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆ.

ಅಲ್ಲಿಂದ ಇಲ್ಲಿಯವರೆಗೆ ಮೂರು ವರ್ಷ ಇದೇ ಕೆಲಸ ಮಾಡಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: "ಮಕ್ಕಳು ಓದಲೇಬೇಕಾದ ಸರಣಿಗಳು" ಅನ್ನುವ ಪಟ್ಟಿಗಳಿಂದ ಹೆಚ್ಚು ಉಪಯೋಗವಿಲ್ಲ. ನಿಮ್ಮ ಮಗುವಿಗೆ ಹೋದ ಪುಸ್ತಕದಲ್ಲಿ ಏನು ಹಿಡಿಸಿತು ಅಂತ ಗೊತ್ತಾದರೆ ಮುಂದಿನದು ತಾನಾಗಿ ಸಿಗುತ್ತದೆ. ಇನ್ನೊಂದು ಮಾತೂ ಇದೆ. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮುಂದಿನ ಭಾಗ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಹಾಗಾಗಿ ಅವರು ಕನ್ನಡ ಓದುವುದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಅದನ್ನು ತಡೆಯಬಹುದು, ಆದರೆ ದೊಡ್ಡವರು ಸ್ವಲ್ಪ ಓಡಾಡಬೇಕು.

ಎಂಟರಿಂದ ಹದಿಮೂರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ಕೊನೆಯ ಮೂರು ಪುಸ್ತಕಗಳ ಬಗ್ಗೆ ಮಾತಾಡಿಸಿ

"ಪುಸ್ತಕ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಮುಗಿಯಿತು. ಬದಲಿಗೆ ಹೀಗೆ ಕೇಳಿ: ಯಾವ ಜಾಗವನ್ನು ಎರಡು ಸಲ ಓದಿದೆ? ಆ ಪುಸ್ತಕದಲ್ಲಿ ಯಾರು ನಮ್ಮ ಮನೆಗೆ ಬಂದರೆ ನಿನಗೆ ಖುಷಿ? ಎಲ್ಲಿ ಬೇಜಾರಾಯಿತು?

ಇದನ್ನು ಊಟ ಮಾಡುವಾಗಲೋ ಬಸ್ಸಿನಲ್ಲೋ ಕೇಳಿ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಪರೀಕ್ಷೆಯ ಹಾಗೆ ಆಗಿಬಿಡುತ್ತದೆ.

ನನ್ನ ಮಗಳಿಗೆ ಪತ್ತೇದಾರಿ ಕಥೆ ಇಷ್ಟ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಮಾತಾಡಿಸಿದಾಗ ಗೊತ್ತಾಯಿತು, ಕಳ್ಳ ಯಾರು ಅನ್ನೋದು ಅವಳಿಗೆ ಬೇಕಾಗಿಯೇ ಇರಲಿಲ್ಲ. ಮಕ್ಕಳು ದೊಡ್ಡವರಿಲ್ಲದೆ ತಾವೇ ಅಡುಗೆ ಮಾಡಿಕೊಂಡು, ಗುಡಾರ ಹಾಕಿಕೊಂಡು, ನಾಯಿ ಜೊತೆ ಇರುವುದು ಅವಳಿಗೆ ಬೇಕಿತ್ತು. ಹಾಗಿದ್ದಾಗ ಇನ್ನೊಂದು ಪತ್ತೇದಾರಿ ಸರಣಿ ತಂದುಕೊಟ್ಟರೆ ಹಿಡಿಸುವುದಿಲ್ಲ. ಕಾಡು, ದ್ವೀಪ, ಪ್ರಯಾಣದ ಪುಸ್ತಕ ಹಿಡಿಸುತ್ತದೆ.

ಸಾಮಾನ್ಯವಾಗಿ ಮಕ್ಕಳನ್ನು ಹಿಡಿಯುವುದು ಇವುಗಳಲ್ಲಿ ಒಂದು: ಗೆಳೆಯರ ಗುಂಪು, ಬೇರೆಯದೇ ಒಂದು ಲೋಕ, ನಗು, ಒಗಟು, ಪ್ರಾಣಿಗಳು, ಇಲ್ಲವೇ ನಿಜವಾಗಿ ನಡೆದ ಸಂಗತಿ. ಕೊನೆಯದನ್ನು ತುಂಬಾ ಅಪ್ಪ ಅಮ್ಮಂದಿರು ಮರೆಯುತ್ತಾರೆ. ಕಥೆಗಿಂತ ಜ್ವಾಲಾಮುಖಿ, ಯುದ್ಧ, ಹಡಗು ಇವುಗಳ ಬಗ್ಗೆ ಓದಲು ಇಷ್ಟಪಡುವ ಮಕ್ಕಳು ಬೇಕಾದಷ್ಟು ಇದ್ದಾರೆ. ಅವರೂ ಒಳ್ಳೆಯ ಓದುಗರೇ.

2. ಓದುವ ಶಕ್ತಿ ಬೇರೆ, ವಯಸ್ಸು ಬೇರೆ

ಭಾಷೆ ಕಷ್ಟವಾ ಅಂತ ನೋಡಲು ಐದು ಬೆರಳಿನ ಲೆಕ್ಕ ಸಾಕು. ಪುಸ್ತಕದ ಮಧ್ಯದ ಒಂದು ಪುಟ ತೆಗೆದು ಮಗುವಿಗೆ ಓದಲು ಹೇಳಿ. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲಿ. ಎರಡು ಮೂರು ಬೆರಳಾದರೆ ಹದವಾಗಿದೆ. ಐದೂ ಮಡಚಿದರೆ ಆರು ತಿಂಗಳು ಬಿಟ್ಟು ನೋಡಿ.

ಈ ಲೆಕ್ಕವನ್ನು ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆಯಾಗಿ ಮಾಡಿ. ಇದು ಮುಖ್ಯ. ಇಂಗ್ಲಿಷಿನಲ್ಲಿ 300 ಪುಟ ಓದುವ ಮಗು ಕನ್ನಡದಲ್ಲಿ 40 ಪುಟಕ್ಕೇ ಸುಸ್ತಾಗಬಹುದು. ಒತ್ತಕ್ಷರ ತಡೆಯುತ್ತದೆ, ಮಾತಿನಲ್ಲಿ ಕೇಳದ ಗ್ರಾಂಥಿಕ ಪದಗಳು ತಡೆಯುತ್ತವೆ. "ಇಷ್ಟು ದೊಡ್ಡವಳಾಗಿ ಇದು ಓದೋಕೆ ಬರಲ್ವಾ" ಅನ್ನಬೇಡಿ. ಕನ್ನಡದಲ್ಲಿ ಎರಡು ವರ್ಷ ಚಿಕ್ಕವರಿಗೆ ಬರೆದ ಪುಸ್ತಕದಿಂದ ಶುರು ಮಾಡಿ, ಆದರೆ ವಿಷಯ ಮಾತ್ರ ಅವಳ ವಯಸ್ಸಿನದೇ ಇರಲಿ.

ಇನ್ನು ತಿರುಗಾಮುರುಗಾ ಸಮಸ್ಯೆ. ಪದ ಎಲ್ಲಾ ಗೊತ್ತು, ಆದರೆ ವಿಷಯ ಜಾಸ್ತಿ ಆಯಿತು. ಚುರುಕು ಓದುಗರಿಗೆ ಇದೇ ದೊಡ್ಡ ತೊಂದರೆ. ಸರಣಿಗಳಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಎಷ್ಟೋ ಸರಣಿಗಳು ಓದುಗರ ಜೊತೆಗೇ ಬೆಳೆಯುತ್ತವೆ. ಹ್ಯಾರಿ ಪಾಟರ್ ನೋಡಿ. 1997ರಿಂದ 2007ರವರೆಗೆ ಏಳು ಪುಸ್ತಕ. ಬ್ರಿಟನ್ನಿನ ಮೊದಲ ಮುದ್ರಣದಲ್ಲಿ ಮೊದಲನೆಯದು 220 ಪುಟದ ಆಸುಪಾಸು, ಐದನೆಯದು 760 ದಾಟುತ್ತದೆ. ಪುಟ ಮಾತ್ರ ಅಲ್ಲ, ಕತ್ತಲೆಯೂ ಬೆಳೆಯುತ್ತದೆ. ನಾಲ್ಕನೆಯದರಲ್ಲಿ ಶಾಲೆಯ ಹುಡುಗನೊಬ್ಬ ಸಾಯುತ್ತಾನೆ. ಮೊದಲ ಭಾಗ ಓದುವಾಗ ಒಂಬತ್ತು ವರ್ಷ ಇದ್ದ ಮಗು ಒಂದೇ ರಜೆಯಲ್ಲಿ ಏಳನ್ನೂ ಮುಗಿಸಿದರೆ, ಕೊನೆಯ ಭಾಗಕ್ಕೂ ಅದಕ್ಕೆ ಒಂಬತ್ತೇ ವರ್ಷ! ನಮ್ಮ ಮನೆಯಲ್ಲಿ ಮೂರಾದ ಮೇಲೆ ನಿಲ್ಲಿಸಿದೆವು. ನಾಲ್ಕನೆಯದನ್ನು ಒಂದು ವರ್ಷದ ಮೇಲೆ, ಇಬ್ಬರೂ ಒಟ್ಟಿಗೆ ಓದಿದೆವು. ಆ ಸಾವಿನ ಪುಟ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಕಾದದ್ದು ಒಳ್ಳೆಯದಾಯಿತು ಅಂತ ನನಗೆ ಆಗ ಅನ್ನಿಸಿತು.

ಪುಸ್ತಕ ಪೂರ್ತಿ ಓದಲು ನಿಮಗೆ ಸಮಯ ಇಲ್ಲದಿದ್ದರೆ ಮೊದಲ ಭಾಗದ ಆರಂಭದ ಅಧ್ಯಾಯ ಮತ್ತು ಸರಣಿಯ ಕೊನೆಯ ಭಾಗದ ಯಾವುದಾದರೂ ಎರಡು ಅಧ್ಯಾಯ ಓದಿ. ಸರಣಿ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ.

3. ಕ್ರಮ ಬೇಕಾ ಬೇಡ್ವಾ, ಮೊದಲೇ ತಿಳಿದುಕೊಳ್ಳಿ

ಕೆಲವು ಸರಣಿಗಳಲ್ಲಿ ಒಂದೇ ದೊಡ್ಡ ಕಥೆ ಭಾಗ ಭಾಗವಾಗಿ ಬರುತ್ತದೆ. ಪರ್ಸಿ ಜಾಕ್ಸನ್‌ನ ಮೊದಲ ಐದು ಪುಸ್ತಕಗಳು ಹೀಗೆ. ಮೂರನೆಯದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ಮೊದಲು ಕೊಟ್ಟರೆ ಮಜಾ ಹೋಯಿತು.

ಇನ್ನು ಕೆಲವಲ್ಲಿ ಪಾತ್ರಗಳು ಅವೇ, ಕಥೆ ಪ್ರತಿಸಲ ಹೊಸದು. ಎನಿಡ್ ಬ್ಲೈಟನ್‌ರ ಫೇಮಸ್ ಫೈವ್‌ನಲ್ಲಿ 21 ಪುಸ್ತಕಗಳಿವೆ, 1942ರಿಂದ 1963ರವರೆಗೆ ಬಂದವು. ಯಾವುದನ್ನು ಬೇಕಾದರೂ ಮೊದಲು ಓದಬಹುದು. ಹಳೆ ಪುಸ್ತಕದ ಅಂಗಡಿಗೆ ಹೋಗುವವರಿಗೆ, ಗ್ರಂಥಾಲಯವನ್ನು ನಂಬಿದವರಿಗೆ ಇಂಥ ಸರಣಿಯೇ ವಾಸಿ. ಸಿಕ್ಕಿದ ಭಾಗ ತಂದರೆ ಆಯಿತು. ಅದರಲ್ಲಿ ಪಾತ್ರೆ ತೊಳೆಯುವುದು ಯಾವಾಗಲೂ ಹುಡುಗಿಯ ಕೆಲಸ, ಅದನ್ನು ಮಗಳ ಹತ್ತಿರ ಮಾತಾಡಿ. ನನ್ನ ಮಗಳೇ ಮೊದಲು ಅದನ್ನು ಕೇಳಿದ್ದು.

ಮೂರನೆಯ ಬಗೆಯಲ್ಲಿ ಪಾತ್ರವೂ ಒಂದೇ ಅಲ್ಲ, ಕಥೆಯೂ ಒಂದೇ ಅಲ್ಲ. ಒಬ್ಬರೇ ಲೇಖಕರು ಅಥವಾ ಒಬ್ಬರೇ ಸಂಪಾದಕರು ಒಂದು ಯೋಚನೆ ಇಟ್ಟುಕೊಂಡು ತಂದ ಮಾಲಿಕೆ. ಕನ್ನಡದಲ್ಲಿ ಮಕ್ಕಳಿಗೆ ಸಿಗುವ ಸರಣಿಗಳಲ್ಲಿ ಹೆಚ್ಚಿನವು ಈ ಬಗೆಯವು. ಇದು ಗೊತ್ತಿಲ್ಲದೆ, ಇಂಗ್ಲಿಷಿನ ಹಾಗೆ ಒಂದೇ ಹುಡುಗನ ಹತ್ತು ಸಾಹಸಗಳು ಕನ್ನಡದಲ್ಲೂ ಇವೆಯಾ ಅಂತ ಹುಡುಕಿ ಬರಿಗೈಲಿ ಬರುತ್ತೇವೆ.

4. ಕನ್ನಡದ ಕಪಾಟು ಕಟ್ಟುವುದು

ಹನ್ನೊಂದು ದಾಟಿದ ಮಗುವಿಗೆ ನಾನು ಮೊದಲು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ ಮಿಲೆನಿಯಂ ಸರಣಿ. 16 ಪುಸ್ತಕಗಳು. ಪೆಸಿಫಿಕ್ ದ್ವೀಪಗಳು, ಚಂದ್ರನ ಚೂರು, ಅಡ್ವೆಂಚರ್, ಮಹಾಯುದ್ಧ, ವಿಸ್ಮಯ ವಿಶ್ವ, ಹೀಗೆ ಒಂದೊಂದು ಒಂದೊಂದು ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ. ವಾಕ್ಯಗಳು ಮಾತಾಡಿದ ಹಾಗೆ ಇವೆ. ನಿಜ ಸಂಗತಿ ಬೇಕು ಅನ್ನುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಕಂಡಿಲ್ಲ. ಮಹಾಯುದ್ಧದ ಮೂರು ಭಾಗಗಳನ್ನು ಮತ್ತು ಸೆರೆಯಿಂದ ತಪ್ಪಿಸಿಕೊಂಡು ಸಾವಿರಾರು ಮೈಲಿ ನಡೆದವರ ಕಥೆಯಾದ ಮಹಾಪಲಾಯನವನ್ನು ಸ್ವಲ್ಪ ದೊಡ್ಡವರಾದ ಮೇಲೆ ಕೊಡಿ. ಶುರು ಮಾಡಲು ಪೆಸಿಫಿಕ್ ದ್ವೀಪಗಳು ಚೆನ್ನ.

ಅವರದೇ ಕಾಡಿನ ಕಥೆಗಳು ನಾಲ್ಕು ಭಾಗಗಳಲ್ಲಿವೆ. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು. ಒಂದರ ಹೆಸರು ಜಾಲಹಳ್ಳಿಯ ಕುರ್ಕ, ಇನ್ನೊಂದು ಮುನಿಶಾಮಿ ಮತ್ತು ಮಾಗಡಿ ಚಿರತೆ. ಬೆಂಗಳೂರಿನ ಮಕ್ಕಳಿಗೆ ಈ ಹೆಸರು ಕೇಳಿದರೇ ಕಣ್ಣರಳುತ್ತದೆ. ಜಾಲಹಳ್ಳಿ ಅಂದರೆ ಮೆಟ್ರೊ ನಿಲ್ದಾಣ ಅಂತ ಅಷ್ಟೇ ಗೊತ್ತಿದ್ದ ಅಕ್ಕನ ಮಗ ಆ ಪುಸ್ತಕವನ್ನು ಕೆಳಗೇ ಇಡಲಿಲ್ಲ. ಇವುಗಳಲ್ಲಿ ನರಭಕ್ಷಕಗಳು, ರಕ್ತ, ಸಾವು ಇವೆ. ರಾತ್ರಿ ಹೆದರುವ ಮಗುವಾದರೆ ಹಗಲು ಹೊತ್ತು ನೀವೇ ಜೋರಾಗಿ ಓದಿ ಹೇಳಿ.

ಎಂಟು ಒಂಬತ್ತು ವರ್ಷದವರಿಗೆ, ಇಲ್ಲವೇ ಕನ್ನಡ ನಿಧಾನವಾಗಿ ಓದುವವರಿಗೆ ಚಿಕ್ಕ ಪುಸ್ತಕಗಳು ಬೇಕು. ಒಂದೇ ಕೂತಲ್ಲಿ ಮುಗಿಯಬೇಕು. "ನಾನು ಒಂದು ಕನ್ನಡ ಪುಸ್ತಕ ಪೂರ್ತಿ ಓದಿದೆ" ಅನ್ನುವ ಹೆಮ್ಮೆ ಇಲ್ಲಿ ತುಂಬಾ ಕೆಲಸ ಮಾಡುತ್ತದೆ. ಇದಕ್ಕೆ ರಾಷ್ಟ್ರೋತ್ಥಾನದವರ ಭಾರತ ಭಾರತಿ ಪುಸ್ತಕ ಸಂಪದ ನೆನಪಾಗುತ್ತದೆ. ಪ್ರೊ. ಎಲ್. ಎಸ್. ಶೇಷಗಿರಿರಾವ್ ಸಂಪಾದಕರಾಗಿದ್ದ ಈ ಮಾಲಿಕೆಯಲ್ಲಿ 510 ಪುಟ್ಟ ಪುಸ್ತಕಗಳು ಬಂದವು, ಒಂದೊಂದರಲ್ಲಿ ಒಬ್ಬರ ಜೀವನ. ನಮ್ಮ ಪೀಳಿಗೆಯ ಎಷ್ಟೋ ಮನೆಗಳಲ್ಲಿ ಇವು ಅಟ್ಟದ ಮೇಲೆ ಇರುತ್ತವೆ. ಇಳಿಸಿ. ಆದರೆ ಸಾಲಾಗಿ ಓದಿಸಬೇಡಿ. ಮಗುವಿಗೆ ಹೆಸರುಗಳ ಪಟ್ಟಿ ತೋರಿಸಿ, ಕುತೂಹಲ ಹುಟ್ಟಿದ ಹತ್ತು ಹೆಸರು ಅವರೇ ಆರಿಸಲಿ.

ಅಟ್ಟದ ಮಾತು ಬಂದಾಗ ಚಂದಮಾಮವನ್ನೂ ಹುಡುಕಿ. ಕನ್ನಡದಲ್ಲಿ 1949ರಿಂದ ಬಂದ ಪತ್ರಿಕೆ ಅದು. ಬೇತಾಳನ ಕಥೆಗಳು ನಿಜಕ್ಕೂ ಒಂದು ಸರಣಿಯೇ. ಪ್ರತಿ ಕಥೆಯ ಕೊನೆಗೆ ಶವ ಮತ್ತೆ ಮರಕ್ಕೆ ಹೋಗಿ ನೇತುಬೀಳುತ್ತದೆ, ಓದುವವರಿಗೆ ಮುಂದಿನ ಸಂಚಿಕೆ ಬೇಕೇ ಬೇಕು. ಅಜ್ಜಿ ತಾತ ರಟ್ಟು ಹಾಕಿಸಿ ಇಟ್ಟ ಒಂದು ವರ್ಷದ ಸಂಪುಟ ಸಿಕ್ಕಿದರೆ ಇಡೀ ರಜೆಗೆ ಸಾಕು.

ಚಿತ್ರಕಥೆ ಓದಿದರೆ ಓದಿದ ಹಾಗಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ತಡವರಿಸುವ ಮಗುವಿಗೆ ಚಿತ್ರ ಕೈಹಿಡಿದು ನಡೆಸುತ್ತದೆ. ಅಮರ ಚಿತ್ರ ಕಥೆಗೂ ಕನ್ನಡಕ್ಕೂ ಹಳೆಯ ನಂಟಿದೆ. ಅದರ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದ ವಿದೇಶಿ ಕಥೆಗಳು. ಹಾಗಾಗಿಯೇ ಇಂಗ್ಲಿಷಿನ ಕೃಷ್ಣ ಪುಸ್ತಕಕ್ಕೆ 11ನೇ ಸಂಖ್ಯೆ. ಈ ವಿಷಯ ಹೇಳಿದಾಗ ನನ್ನ ಮಗಳಿಗೆ ಆದ ಸಂತೋಷ ನೋಡಬೇಕಿತ್ತು.

ಈಗಿನ ಕಾಲದ ಮಕ್ಕಳ ಕಥೆ ಬೇಕು ಅಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. 2015ರಲ್ಲಿ ಶುರುವಾಯಿತು. ಕನ್ನಡ ಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಚುರುಕು ಓದುಗರಿಗೆ ಮೂರು ಮತ್ತು ನಾಲ್ಕನೇ ಹಂತ ಸರಿ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಇದು ದೊಡ್ಡ ಆಸರೆ. ನನ್ನ ಗೆಳತಿಯೊಬ್ಬಳು ಅಮೆರಿಕದಲ್ಲಿದ್ದಾಳೆ. ಅವಳ ಮಗ ಮತ್ತು ಹಾಸನದಲ್ಲಿರುವ ಅವನ ಅಜ್ಜಿ ಪ್ರತಿ ಭಾನುವಾರ ವೀಡಿಯೊ ಕಾಲ್‌ನಲ್ಲಿ ಒಂದೇ ಪುಸ್ತಕ ತೆರೆದು ಒಂದು ಪುಟ ಇವನು, ಒಂದು ಪುಟ ಅಜ್ಜಿ ಅಂತ ಓದುತ್ತಾರೆ. ಅಜ್ಜಿ ಓದುವಾಗ ಆ ಹುಡುಗ ಕನ್ನಡದ ಏರಿಳಿತ ಕೇಳಿಸಿಕೊಳ್ಳುತ್ತಾನೆ. ಪುಸ್ತಕ ಒಂದರಿಂದಲೇ ಅದು ಬರುವುದಿಲ್ಲ.

ಹದಿಮೂರು ದಾಟುತ್ತಿರುವ ಮಗುವಿಗೆ ನಿರಂಜನರು ಸಂಪಾದಿಸಿದ ವಿಶ್ವ ಕಥಾ ಕೋಶ ನೆನಪಿನಲ್ಲಿಡಿ. ನವಕರ್ನಾಟಕದವರು ತಂದ 25 ಸಂಪುಟ, ದೇಶ ದೇಶಗಳ ಸಣ್ಣ ಕಥೆಗಳು. ದೊಡ್ಡವರ ಕಥೆಗಳೇ, ಆದ್ದರಿಂದ ನೀವು ಮೊದಲು ಓದಿ ಆರಿಸಿ ಕೊಡಿ.

ಬೇರೆ ಭಾರತೀಯ ಭಾಷೆಗಳ ಕಡೆಗೂ ಕಣ್ಣಿರಲಿ. ಸತ್ಯಜಿತ್ ರಾಯ್ ಬಂಗಾಳಿಯಲ್ಲಿ ಬರೆದ ಫೆಲೂದಾ ಪತ್ತೇದಾರಿ ಕಥೆಗಳು 1965ರಲ್ಲಿ ಸಂದೇಶ್ ಅನ್ನುವ ಮಕ್ಕಳ ಪತ್ರಿಕೆಯಲ್ಲಿ ಶುರುವಾದವು. ಇಂಗ್ಲಿಷಿನಲ್ಲಿ ಪೂರ್ತಿ ಸಿಗುತ್ತವೆ. ಕಥೆ ಹೇಳುವವನು ಪತ್ತೇದಾರ ಫೆಲೂದಾನ ಹದಿಹರೆಯದ ಕಸಿನ್ ತಮ್ಮ, ಊರುಗಳು ನಮ್ಮ ದೇಶದವು. ಫೆಲೂದಾ ಸಿಗರೇಟು ಸೇದುತ್ತಾನೆ, ಅದೊಂದು ಮಾತಾಡಿಕೊಳ್ಳಿ.

5. ಎರಡೇ ಭಾಗ ತನ್ನಿ

ಒಂದಲ್ಲ, ಹತ್ತೂ ಅಲ್ಲ. ಒಂದೇ ತಂದರೆ ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಯಲ್ಲಿ ಆದದ್ದೇ ಆಗುತ್ತದೆ. ಪೂರ್ತಿ ತಂದರೆ ಮಗುವಿಗೆ "ಮುಗಿಸಬೇಕು" ಅನ್ನುವ ಭಾರ ಬರುತ್ತದೆ. ಎರಡನೆಯದನ್ನು ತಾನಾಗಿ ಕೈಗೆತ್ತಿಕೊಂಡರೆ ಸರಣಿ ಹಿಡಿಸಿದೆ ಅಂತ ಅರ್ಥ. ಆಗ ಮುಂದಿನ ಎರಡು.

ಕೊಳ್ಳುವಾಗ ನೋಡಬೇಕಾದ್ದು: ಪುಸ್ತಕದ ಮೊದಲ ಪುಟಗಳಲ್ಲಿ ಸರಣಿಯ ಪಟ್ಟಿ ಇರುತ್ತದೆ, ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೊದಿಕೆಯ ಮೇಲೆ "ಸಂಕ್ಷಿಪ್ತ" ಅಂತ ಚಿಕ್ಕದಾಗಿ ಬರೆದಿದೆಯಾ ನೋಡಿ, 300 ಪುಟದ ಕಥೆಯನ್ನು 80ಕ್ಕೆ ಇಳಿಸಿದರೆ ರುಚಿ ಉಳಿಯುವುದಿಲ್ಲ. ಫುಟ್‌ಪಾತಿನಲ್ಲಿ ಸಿಗುವ ಕಳ್ಳಮುದ್ರಣದ ಪ್ರತಿಗಳಲ್ಲಿ ಅಕ್ಷರ ಮಸುಕಾಗಿರುತ್ತದೆ, ನಡುವೆ ಪುಟಗಳು ಬಿಟ್ಟುಹೋಗಿರುತ್ತವೆ. ಒಮ್ಮೆ ನಾನು ತಂದ ಒಂದರಲ್ಲಿ ಕೊನೆಯ ಅಧ್ಯಾಯವೇ ಇರಲಿಲ್ಲ. ಮಗಳು ಅತ್ತಳು. ಬರೆದವರಿಗೂ ಅದರಿಂದ ಒಂದು ಪೈಸೆ ಸೇರುವುದಿಲ್ಲ.

6. ದುಡ್ಡು ಕಡಿಮೆ ಇದ್ದರೆ

ಚುರುಕು ಓದುಗರು ವಾರಕ್ಕೆ ಎರಡು ಪುಸ್ತಕ ಮುಗಿಸುತ್ತಾರೆ. ಎಲ್ಲವನ್ನೂ ಕೊಂಡು ಪೂರೈಸಲು ಆಗುವುದಿಲ್ಲ, ಅಲ್ವಾ? ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ. ಗ್ರಂಥಾಲಯದಲ್ಲಿ ಸರಣಿಯ ಹೆಸರು ಹೇಳಿ ಕೇಳಿ, ಕಪಾಟಿನಲ್ಲಿ ಭಾಗಗಳು ಚೆದುರಿ ಹೋಗಿರುತ್ತವೆ. ಇಲ್ಲದ ಭಾಗವನ್ನು ತರಿಸಿಕೊಡಲು ಬರೆದುಕೊಡಿ. ಮಗುವಿನ ಕೈಯಲ್ಲೇ ಬರೆಸಿ.

ಇಂಗ್ಲಿಷ್ ಸರಣಿಗಳ ಹಳೆಯ ಪ್ರತಿಗಳಿಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮತ್ತು ಅವೆನ್ಯೂ ರಸ್ತೆ. ಕನ್ನಡಕ್ಕೆ ನವಕರ್ನಾಟಕ, ಸಪ್ನ, ಗಾಂಧಿ ಬಜಾರಿನ ಅಂಕಿತ. ಅಂಗಡಿಗೆ ಮಗುವನ್ನು ಕರೆದುಕೊಂಡೇ ಹೋಗಿ, ಒಂದು ಗಂಟೆ ಬಿಟ್ಟುಬಿಡಿ.

ಅಪಾರ್ಟ್‌ಮೆಂಟಿನಲ್ಲೋ ಬೀದಿಯಲ್ಲೋ ನಾಲ್ಕು ಮನೆ ಸೇರಿ ಒಬ್ಬೊಬ್ಬರು ಒಂದೊಂದು ಸರಣಿ ಕೊಂಡರೆ ಎಲ್ಲರಿಗೂ ನಾಲ್ಕು ಸರಣಿ ಸಿಗುತ್ತದೆ. ನಮ್ಮ ಬೀದಿಯಲ್ಲಿ ಇದನ್ನು ಮಾಡಿದ್ದೇವೆ. ಒಂದು ನೋಟ್‌ಬುಕ್‌ನಲ್ಲಿ ಯಾವುದು ಯಾರ ಮನೆಯಲ್ಲಿದೆ ಅಂತ ಮಕ್ಕಳೇ ಬರೆದುಕೊಳ್ಳುತ್ತಾರೆ.

7. ಮಧ್ಯದಲ್ಲಿ ಬಿಟ್ಟರೆ, ಮುಗಿದುಹೋದರೆ

ಬಿಟ್ಟರೆ ಬಿಡಲಿ. ಕಾರಣ ಒಂದು ಸಲ ಕೇಳಿ, ಅಷ್ಟೇ. ಮುಂದಿನ ಹುಡುಕಾಟಕ್ಕೆ ಅದು ಬೇಕಾಗುತ್ತದೆ.

ಪ್ರೀತಿಯ ಸರಣಿ ಮುಗಿದಾಗ ಮಕ್ಕಳಿಗೆ ನಿಜವಾಗಿ ದುಃಖವಾಗುತ್ತದೆ. ಅವತ್ತೇ ಹೊಸದನ್ನು ಕೈಗೆ ತುರುಕಬೇಡಿ. ಮತ್ತೆ ಮೊದಲ ಭಾಗದಿಂದ ಓದುತ್ತೇನೆ ಅಂದರೆ "ಓದಿದ್ದೇ ಓದ್ತೀಯಲ್ಲ" ಅನ್ನಬೇಡಿ. ಎರಡನೇ ಸಲಕ್ಕೆ ಕಥೆ ಏನಾಗುತ್ತದೆ ಅನ್ನುವ ಅವಸರ ಇರುವುದಿಲ್ಲ, ಬರವಣಿಗೆ ಕಣ್ಣಿಗೆ ಬೀಳುತ್ತದೆ. ಒಂದು ಕನ್ನಡದ ಚಿಕ್ಕ ಪುಸ್ತಕವನ್ನು ಮೇಜಿನ ಮೇಲೆ ಸುಮ್ನೆ ಇಟ್ಟಿರಿ. ಆ ಖಾಲಿ ವಾರದಲ್ಲಿ ಅದು ಕೈಗೆ ಬರುವ ಸಾಧ್ಯತೆ ಜಾಸ್ತಿ. ನಮ್ಮ ಮನೆಗೆ ಪೆಸಿಫಿಕ್ ದ್ವೀಪಗಳು ಬಂದದ್ದು ಅಂಥ ಒಂದು ವಾರದಲ್ಲೇ.

ಮಗು ಬೆಳೆದು ದಾಟಿದ ಸರಣಿಯನ್ನು ರದ್ದಿಗೆ ಹಾಕಬೇಡಿ. ಊರಿನ ಅರಿವು ಕೇಂದ್ರಕ್ಕೋ ಹತ್ತಿರದ ಸರ್ಕಾರಿ ಶಾಲೆಗೋ ಕೊಡಿ. ಕೊಡುವ ಮೊದಲು ಎಲ್ಲಾ ಭಾಗ ಇವೆಯಾ ನೋಡಿ, ಒಂದೊಂದರ ಬೆನ್ನಿಗೂ ಬಿಳಿ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ 1, 2, 3 ಅಂತ ಬರೆಯಿರಿ. ಅಲ್ಲಿ ಯಾವುದೋ ಮಗು ಒಂದನೆಯದನ್ನು ಮುಗಿಸಿ ಮುಂದಿನದು ಎಲ್ಲಿ ಅಂತ ಹುಡುಕುವಾಗ ಎರಡು ಪಕ್ಕದಲ್ಲೇ ಇರಲಿ.